ಗೂಡುದೀಪವಲ್ಲ, ಗೂಡಿಗೆ ದೀಪ

(ಮಂಗಳೂರಿನಲ್ಲಿ ಹಕ್ಕಿ ಸಾಕುವವರ ಒಂದು ಚಿಕ್ಕ ಕೂಟದಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲಲ್ಲಿ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿದರು. "ಬಣ್ಣದ ಕಾಗದ, ಬಿದಿರು ಕಡ್ಡಿ ನಾವೇ ತರಬೇಕಿತ್ತಾ?" ಅಂತ ಕೇಳಿದರು. ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ನೋಡಿದರೆ ಹೊರಗೆ ಅಂಟಿಸಿದ ಚೀಟಿಯಲ್ಲಿ 'ಗೂಡಿನ ದೀಪ' ಅಂತ ಉಂಟು. ದೀಪಾವಳಿ ಬೇರೆ ಹತ್ತಿರ ಬಂತು. ಅವರು ಗೂಡುದೀಪ ಮಾಡುವುದನ್ನು ಕಲಿಸುತ್ತಾರೆ ಅಂದುಕೊಂಡು ಬಂದಿದ್ದಾರೆ. ಇದು ಸಾಕುಹಕ್ಕಿಯ ಗೂಡಿಗೆ, ಅಂದರೆ ಪಂಜರಕ್ಕೆ, ಹಾಕುವ ದೀಪದ ಮಾತು ಅಂತ ಹೇಳಿದೆ. "ಬಂದದ್ದು ಬಂದಾಯಿತು, ಕೂರುತ್ತೇನೆ" ಎಂದು ಎರಡನೇ ಸಾಲಿನಲ್ಲಿ ಕೂತಿದ್ದಾರೆ, ನೋಡಿ.

ನಾನು ಹಕ್ಕಿಗಳ ಡಾಕ್ಟರ್ ಅಲ್ಲ. ವಯರಿಂಗ್ ಕೆಲಸದವನು. ಮೂವತ್ತು ವರ್ಷದಿಂದ ಈ ಕಡೆಯ ಮನೆಗಳಿಗೆ ವಯರ್ ಎಳೆಯುತ್ತಿದ್ದೇನೆ. ಮನೆಯಲ್ಲಿ ಎರಡು ಕಾಕಟೀಲ್ (ತಲೆಯ ಮೇಲೆ ಜುಟ್ಟಿರುವ ಗಿಣಿ ಜಾತಿಯ ಹಕ್ಕಿ), ಆರು ಬಜ್ಜಿ ಉಂಟು. ಬಜ್ಜಿ ಅಂದರೆ ಚಾಯದ ಜೊತೆ ತಿನ್ನುವ ಬಜ್ಜಿಯಲ್ಲ. ಬಜರಿಗಾರ್. ನಮ್ಮಲ್ಲಿ ಎಲ್ಲರೂ ಅದನ್ನೇ 'ಲವ್ ಬರ್ಡ್ಸ್' ಅಂತ ಕರೆಯುವುದು. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಬಜ್ಜಿ ಆಸ್ಟ್ರೇಲಿಯಾದ್ದು. ಕಾಕಟೀಲನ್ನು 'ಕಾಕ್‌ಟೇಲ್' ಅನ್ನುವವರೂ ಇದ್ದಾರೆ. ಇರಲಿ, ಹೆಸರಿನಲ್ಲಿ ಎಂತ ಉಂಟು.

ಹಕ್ಕಿ ಸಾಕುವವರು ನಾನು ವಯರಿಂಗಿನವನು ಅಂತ ಗೊತ್ತಾದ ಕೂಡಲೇ ಕೇಳುವ ಪ್ರಶ್ನೆ ಒಂದೇ. "ಗೂಡಿಗೆ ಯಾವ ಬಲ್ಬ್ ಹಾಕಬೇಕು?" ನಾನು ತಿರುಗಿ ಕೇಳುತ್ತೇನೆ: "ರಾತ್ರಿ ಎಷ್ಟು ಗಂಟೆಗೆ ಆರಿಸುತ್ತೀರಿ?" ಹೆಚ್ಚಿನವರು ಆ ಬಗ್ಗೆ ಯೋಚನೆ ಮಾಡಿರುವುದೇ ಇಲ್ಲ. ನಾನೂ ಮಾಡಿರಲಿಲ್ಲ. ಮೊದಲು ಆ ಕಥೆ ಹೇಳುತ್ತೇನೆ.

ನನ್ನ ಮೊದಲ ಕಾಕಟೀಲ್ ಹೆಣ್ಣು. ಗೂಡು ಹಾಲ್‌ನಲ್ಲಿ, ಟಿವಿಯ ಪಕ್ಕ. ಬೆಳಿಗ್ಗೆ ಆರಕ್ಕೆ ಲೈಟ್ ಬೀಳುತ್ತಿತ್ತು. ರಾತ್ರಿ ಅಮ್ಮನ ಧಾರಾವಾಹಿ, ಮತ್ತೆ ನನ್ನ ವಾರ್ತೆ, ಮತ್ತೆ ಮಗನ ಕ್ರಿಕೆಟ್. ಎಲ್ಲ ಮುಗಿದು ಲೈಟ್ ಆರುವಾಗ ಹನ್ನೊಂದೂವರೆ. ಲೆಕ್ಕ ಹಾಕಿದರೆ ಹದಿನೇಳೂವರೆ ಗಂಟೆ ಬೆಳಕು. ಒಂದು ದಿನ ಆ ಹಕ್ಕಿ ಮೊಟ್ಟೆ ಇಟ್ಟಿತು. ಗಂಡು ಇಲ್ಲ, ಏನಿಲ್ಲ. ಐದು ಮೊಟ್ಟೆ. ನಾವು ತೆಗೆದು ಬಿಸಾಡಿದೆವು. ಮತ್ತೆ ಐದು ಇಟ್ಟಿತು. ತೆಗೆದಷ್ಟೂ ಇಡುತ್ತದೆ ಅಂತ ಆಗ ಗೊತ್ತಿರಲಿಲ್ಲ. ಮೂರನೇ ಸಲ ಬೆಳಿಗ್ಗೆ ನೋಡುವಾಗ ಗೂಡಿನ ತಳದಲ್ಲಿ ಮೈ ಉಬ್ಬಿಸಿಕೊಂಡು ಕೂತಿತ್ತು. ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಮೊಟ್ಟೆ ಒಳಗೇ ಸಿಕ್ಕಿಕೊಂಡಿತ್ತು.

ಡಾಕ್ಟರ್ ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟು, ಬೆಚ್ಚಗೆ ಇಟ್ಟು ಉಳಿಸಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ ತಿಂಡಿಯ ಬಗ್ಗೆ ಅಲ್ಲ. "ಮನೆಯಲ್ಲಿ ದಿನಕ್ಕೆ ಎಷ್ಟು ಗಂಟೆ ಲೈಟ್ ಉರಿಯುತ್ತದೆ?" ನನಗೆ ಒಮ್ಮೆಲೇ ಮುಖಕ್ಕೆ ನೀರು ಸೋಕಿದ ಹಾಗಾಯಿತು. ಯಾಕೆ ಗೊತ್ತುಂಟಾ? ಕಾರ್ಕಳದ ಆ ಕಡೆ ಕೋಳಿ ಫಾರ್ಮ್‌ಗಳಿಗೆ ಲೈಟಿನ ಟೈಮರ್ ಹಾಕಿಕೊಟ್ಟವನು ನಾನೇ. ಮೊಟ್ಟೆ ಕೋಳಿಗೆ ದಿನಕ್ಕೆ 16 ಗಂಟೆ ಬೆಳಕು ಕೊಡುತ್ತಾರೆ, ಮೊಟ್ಟೆ ಜಾಸ್ತಿ ಸಿಗಲಿ ಅಂತ. ಅಲ್ಲಿ ಕೂಲಿ ತಗೊಂಡು ಮಾಡಿದ ಕೆಲಸವನ್ನು ನನ್ನ ಹಾಲ್‌ನಲ್ಲಿ ಪುಕ್ಕಟೆ ಮಾಡಿಟ್ಟಿದ್ದೆ.

ಇದರಲ್ಲಿ ಇನ್ನೊಂದು ಸೋಜಿಗ ಉಂಟು. ಹಕ್ಕಿ ಬೆಳಕನ್ನು ಕಣ್ಣಿನಿಂದ ಮಾತ್ರ ತಿಳಿಯುವುದಲ್ಲ. 1930ರ ದಶಕದಲ್ಲಿ ಫ್ರಾನ್ಸಿನ ಝಾಕ್ ಬೆನ್ವಾ ಎಂಬ ವಿಜ್ಞಾನಿ ಬಾತುಕೋಳಿಗಳ ಮೇಲೆ ಪ್ರಯೋಗ ಮಾಡಿದರು. ಕಣ್ಣು ಕಾಣದ ಬಾತುಗಳೂ ಬೆಳಕು ಹೆಚ್ಚಾದಾಗ ಮರಿ ಮಾಡುವ ಹದಕ್ಕೆ ಬಂದವು. ಮಿದುಳಿನ ಒಳಗೇ ಬೆಳಕು ತಿಳಿಯುವ ಜಾಗ ಉಂಟು. ತಲೆಬುರುಡೆ ದಾಟಿ ಬೆಳಕು ಅಲ್ಲಿಗೆ ಹೋಗುತ್ತದೆ. ರಾತ್ರಿ ಟಾರ್ಚಿಗೆ ಅಂಗೈ ಅಡ್ಡ ಹಿಡಿದು ನೋಡಿ, ಕೈ ಕೆಂಪಗೆ ಕಾಣುತ್ತದೆ. ಕೆಂಪು ಬೆಳಕು ಮಾಂಸ ದಾಟುವುದು ಜಾಸ್ತಿ. ಹಾಗಾಗಿ 'ಅದು ಕಣ್ಣು ಮುಚ್ಚಿ ನಿದ್ದೆ ಮಾಡುತ್ತಿದೆ, ಟಿವಿ ಇದ್ದರೆ ಏನಾಯಿತು' ಅನ್ನುವ ಮಾತು ನಡೆಯುವುದಿಲ್ಲ.

ಎಷ್ಟು ಬೆಳಕು ಬೇಕು ಹಾಗಾದರೆ? ಮಂಗಳೂರಿನಲ್ಲಿ ಡಿಸೆಂಬರಿನ ಹಗಲು ಸುಮಾರು ಹನ್ನೊಂದೂವರೆ ಗಂಟೆ. ಜೂನ್‌ನಲ್ಲಿ ಹದಿಮೂರಕ್ಕೆ ಸ್ವಲ್ಪ ಕಡಿಮೆ. ಉಡುಪಿಯಲ್ಲೂ ಹಾಗೆಯೇ. ಹಕ್ಕಿಗೆ 10ರಿಂದ 12 ಗಂಟೆ ಬೆಳಕು, ಉಳಿದದ್ದು ಕತ್ತಲೆ. ಮೊಟ್ಟೆ ಚಟ ಹತ್ತಿದ ಹೆಣ್ಣಿಗೆ ಬೆಳಕು 10 ಗಂಟೆಯೇ ಸಾಕು. ನಾನು ಮಾಡಿದ್ದು ಇಷ್ಟೇ. ಗೂಡನ್ನು ಹಾಲ್‌ನಿಂದ ಒಳಗಿನ ಕೋಣೆಗೆ ಒಯ್ದೆ. ಸಂಜೆ ಏಳಕ್ಕೆ ಹಳೆಯ ಕಾಟನ್ ಬೈರಾಸು (ಟವೆಲ್) ಹೊದೆಸಿದೆ. ಹಿಂದಿನ ಬದಿ ಗಾಳಿಗೆ ತೆರೆದಿಟ್ಟೆ. ನಮ್ಮ ಸೆಕೆಯಲ್ಲಿ ಕಂಬಳಿ, ಪ್ಲಾಸ್ಟಿಕ್ ಶೀಟ್ ಹೊದೆಸಿದರೆ ಹಕ್ಕಿ ಬೆಂದು ಹೋಗುತ್ತದೆ. ಆಮೇಲೆ ಇಟ್ಟ ಮೊಟ್ಟೆಗಳನ್ನು ತೆಗೆಯಲಿಲ್ಲ. ಹಕ್ಕಿಗೇ ಬೇಸರ ಬಂದು ಮೊಟ್ಟೆ ಬಿಟ್ಟು ಎದ್ದಿತು. ಆಮೇಲೆ ವರ್ಷ ಪೂರ್ತಿ ಒಂದೇ ಒಂದು ಮೊಟ್ಟೆ ಇಲ್ಲ. ಇಷ್ಟಕ್ಕೆ ಒಂದು ಬಲ್ಬೂ ಕೊಂಡಿರಲಿಲ್ಲ.

ಕತ್ತಲೆಗೂ ಒಂದು ಕಿರಿಕಿರಿ ಉಂಟು. ಕಾಕಟೀಲ್‌ಗಳು ಮಧ್ಯರಾತ್ರಿ ಬೆಚ್ಚಿಬಿದ್ದು ಗೂಡಿನೊಳಗೆ ಬಡಿದಾಡುತ್ತವೆ. ಹಲ್ಲಿ ಓಡಿದರೂ ಸಾಕು. ಪೂರ್ತಿ ಕತ್ತಲೆಯಲ್ಲಿ ಮತ್ತೆ ಕೋಲು ಸಿಗದೆ ರೆಕ್ಕೆ ಗಾಯ ಮಾಡಿಕೊಳ್ಳುತ್ತವೆ. ಅಂಥವಕ್ಕೆ ಕೋಣೆಯ ದೂರದ ಮೂಲೆಯಲ್ಲಿ ಒಂದು ಸಣ್ಣ ಎಲ್‌ಇಡಿ ರಾತ್ರಿ ದೀಪ ಇಟ್ಟರೆ ಆಯಿತು. ಕೋಲು ಮಂಕಾಗಿ ಕಾಣುವಷ್ಟು. ಹಳೆಯ ಕೆಂಪು ಝೀರೋ ಬಲ್ಬನ್ನು ಗೂಡಿನ ಮೇಲೇ ನೇತುಹಾಕುವುದು ಬೇಡ. ಹೆಸರು ಝೀರೋ, ಕರೆಂಟ್ ತಿನ್ನುವುದು ಸುಮಾರು 15 ವ್ಯಾಟ್. ಆ ಹೆಸರು ಇಟ್ಟವರಿಗೆ ದೊಡ್ಡ ನಮಸ್ಕಾರ.

ಈಗ ಬೆಳಕಿಗೆ ಬರುತ್ತೇನೆ. ನಮ್ಮ ಕಣ್ಣಿನಲ್ಲಿ ಬಣ್ಣ ತಿಳಿಯುವ ಕೋಶಗಳು ಮೂರು ಬಗೆ. ಹಕ್ಕಿಗೆ ನಾಲ್ಕು. ನಾಲ್ಕನೆಯದು ನೇರಳೆಯ ಆಚೆಯದನ್ನು, ಅಂದರೆ ಯುವಿ-ಎ ಬೆಳಕನ್ನು ಕಾಣುತ್ತದೆ. ನಾವು ಹಾಕುವ ಸಾಮಾನ್ಯ ಎಲ್‌ಇಡಿಯಲ್ಲಿ ಅದು ಇಲ್ಲವೇ ಇಲ್ಲ. ಒಂದು ಬಣ್ಣ ತೆಗೆದು ಹಾಕಿದ ಟಿವಿ ನೋಡಿದ ಹಾಗೆ ಅದಕ್ಕೆ ಕಾಣುವುದು. 2002ರಲ್ಲಿ ಸಂಶೋಧಕರು ಬಜ್ಜಿಯ ತಲೆಯ ಹಳದಿ ಗರಿಗೆ ಸನ್‌ಸ್ಕ್ರೀನ್ ಹಚ್ಚಿ ನೋಡಿದರು. ಆ ಗರಿಗಳು ಯುವಿ ಬೆಳಕನ್ನು ಹೀರಿಕೊಂಡು ಹೊಳೆಯುತ್ತವೆ. ಕ್ರೀಮ್ ಹಚ್ಚಿದ ಮೇಲೆ ಸಂಗಾತಿಗಳಿಗೆ ಅವುಗಳ ಮೇಲೆ ಮೊದಲಿನ ಆಸೆ ಉಳಿಯಲಿಲ್ಲ. ಪಾಪ.

ಯುವಿ-ಬಿ ಬೇರೆ. ಅದು ಕಾಣಲು ಅಲ್ಲ, ಮೈಗೆ. ಗರಿ ಇಲ್ಲದ ಚರ್ಮದ ಮೇಲೆ ಅದು ಬಿದ್ದಾಗ ವಿಟಮಿನ್ ಡಿ3 ಆಗುತ್ತದೆ. ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಬರೀ ನವಣೆ, ಸೂರ್ಯಕಾಂತಿ ಬೀಜ ತಿನ್ನುವ ಹಕ್ಕಿಗೆ ಎರಡೂ ಕಡಿಮೆ. ನಮಗೆ ಕಡಲು ಹತ್ತಿರ ಇರುವುದು ಒಂದು ಅನುಕೂಲ. ಮಲ್ಪೆ, ಪಣಂಬೂರಿನ ಮರಳಿನಲ್ಲಿ ಬೊಂಡಾಸಿನ (ಸ್ಕ್ವಿಡ್) ಜಾತಿಯ ಮೀನಿನ ಬಿಳಿ ಹಗುರ ಎಲುಬು ಬಿದ್ದಿರುತ್ತದೆ. ಅದೇ ಅಂಗಡಿಯಲ್ಲಿ ಪ್ಯಾಕೆಟ್ ಮಾಡಿ ಮಾರುವ ಕಟಲ್ ಬೋನ್. ಹೆಕ್ಕಿ ತಂದು ಮೂರು ನಾಲ್ಕು ದಿನ ಸಿಹಿನೀರಿನಲ್ಲಿ ನೆನೆಸಿ, ದಿನಾ ನೀರು ಬದಲಿಸಿ, ಬಿಸಿಲಿಗೆ ಒಣಗಿಸಿ ಗೂಡಿಗೆ ಕಟ್ಟಿ. ಆದರೆ ಡಿ3 ಇಲ್ಲದೆ ಅದನ್ನು ಎಷ್ಟು ಕೆರೆದು ತಿಂದರೂ ಅರ್ಧ ಪ್ರಯೋಜನ.

"ನಮ್ಮ ಗೂಡು ಕಿಟಕಿ ಪಕ್ಕವೇ ಉಂಟಲ್ಲ" ಅನ್ನುತ್ತೀರಿ. ಕಿಟಕಿ ಗಾಜು ಯುವಿ-ಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಇಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮ ಊರಿಗೆ ಮಂಗಳೂರು ಹೆಂಚಿನ ಹೆಸರು ಬಂತು. ಹಳೆಯ ಹೆಂಚಿನ ಮನೆಗಳಲ್ಲಿ ನಡುವೆ ಒಂದೆರಡು ಗಾಜಿನ ಹೆಂಚು ಇರುತ್ತದೆ ಅಲ್ವಾ? ಅದರ ಕೆಳಗೆ ಗೂಡು ಇಡುವವರು ಸುಮಾರು ಜನ. ಬೆಳಕು ಚೆಂದ ಬೀಳುತ್ತದೆ. ಕಾಣಲು ಒಳ್ಳೆಯದು, ಡಿ3ಗೆ ಏನೂ ಇಲ್ಲ. ಜೊತೆಗೆ ಮಧ್ಯಾಹ್ನ ಆ ಬಿಸಿಲಿನ ಚೌಕ ನೇರ ಗೂಡಿನ ಮೇಲೆ ಬಂದು ಕೂತರೆ ಹಕ್ಕಿಗೆ ಓಡಲು ಜಾಗ ಇರುವುದಿಲ್ಲ. ಅಂಗಳಕ್ಕೆ ಹಾಕುವ ಪಾಲಿಕಾರ್ಬೊನೇಟ್ ಶೀಟಿನ ಕಥೆಯೂ ಅಷ್ಟೇ. ಕೊಸರಿಗೆ ಸೊಳ್ಳೆ ಬಲೆ. ಕಿಟಕಿ ತೆರೆದಿಟ್ಟರೂ ಬಲೆ ಸ್ವಲ್ಪ ತಿನ್ನುತ್ತದೆ.

ಹಾಗಾದರೆ ಮೊದಲ ದೀಪ ಸೂರ್ಯ. ಬಿಲ್ ಬರುವುದಿಲ್ಲ. ಮಳೆ ಇಲ್ಲದ ದಿನ ಗೂಡನ್ನು ಜಗಲಿಗೋ ಬಾಲ್ಕನಿಗೋ ತನ್ನಿ. ಆರೂವರೆಯ ಎಳೆ ಬಿಸಿಲಿನಲ್ಲಿ ಯುವಿ-ಬಿ ತೀರಾ ಕಡಿಮೆ. ಸೂರ್ಯ ಮೇಲೆ ಬಂದಷ್ಟೂ ಅದು ಹೆಚ್ಚು. ಆದರೆ ಹತ್ತರ ಮೇಲೆ ನಮ್ಮ ಬಿಸಿಲು ಹಕ್ಕಿಗೂ ಬೇಡ, ನಮಗೂ ಬೇಡ. ನಾನು ಎಂಟೂವರೆಯಿಂದ ಒಂಬತ್ತೂವರೆಯ ನಡುವೆ ಇಪ್ಪತ್ತು ನಿಮಿಷ ಇಡುತ್ತೇನೆ, ವಾರಕ್ಕೆ ಮೂರು ನಾಲ್ಕು ದಿನ. ಅರ್ಧ ಗೂಡಿಗೆ ಬಟ್ಟೆ ಹಾಕಿ ನೆರಳು ಮಾಡುತ್ತೇನೆ. ಕೊಕ್ಕು ತೆರೆದು ಏದುಸಿರು ಬಿಟ್ಟರೆ, ರೆಕ್ಕೆ ಮೈಯಿಂದ ದೂರ ಹಿಡಿದರೆ ಕೂಡಲೇ ಒಳಗೆ. ಮತ್ತೆ, ಅಷ್ಟು ಹೊತ್ತು ಅಲ್ಲೇ ಕೂತಿರಬೇಕು ಮಾರಾಯ್ರೆ. ಪೇಪರ್ ಓದಿ. ಕಾಗೆ, ಗಿಡುಗ, ಬೆಕ್ಕು, ಕೇರೆ ಹಾವು, ನಮ್ಮ ತೋಟದ ಮನೆಗಳಲ್ಲಿ ಯಾರಿಗೆ ಕಡಿಮೆ?

ತೊಂದರೆ ಇರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬಿಸಿಲಿರುವ ದಿನ ಹೊರಗೆ ನೆರಳಿನಲ್ಲಿ ನಿಂತರೂ 10,000 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು ಇರುತ್ತದೆ. ಮನೆಯೊಳಗೆ ಟ್ಯೂಬ್‌ಲೈಟ್ ಹಾಕಿದರೆ 100ರಿಂದ 300. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ಮಧ್ಯಾಹ್ನ ಹನ್ನೆರಡಕ್ಕೂ ಮುಸ್ಸಂಜೆಯ ಹಾಗೆ ಇರುತ್ತದೆ. ಹಕ್ಕಿ ತೂಕಡಿಸುತ್ತದೆ, ಮಾತಾಡುವುದಿಲ್ಲ. ಗೂಡಿಗೆ ದೀಪ ನಿಜವಾಗಿ ಬೇಕಾಗುವುದು ಆಗ.

ಸುಮ್ನೆ ಬೆಳಕಿಗಾದರೆ ಒಂದು ಒಳ್ಳೆಯ ಬಿಳಿ ಎಲ್‌ಇಡಿ ಪಟ್ಟಿ ಸಾಕು. ಪೆಟ್ಟಿಗೆಯ ಮೇಲೆ 5000ದಿಂದ 6500 ಕೆಲ್ವಿನ್ ಅಂತ ಇರುವುದು ನೋಡಿ. ಆ ಸಂಖ್ಯೆ ಬಣ್ಣ ಹೇಳುತ್ತದೆ, ಅಷ್ಟೇ. ಅದರಲ್ಲಿ ಯುವಿ ಉಂಟು ಅಂತ ಅರ್ಥ ಅಲ್ಲ. 'ಫುಲ್ ಸ್ಪೆಕ್ಟ್ರಮ್' ಅಂತ ದೊಡ್ಡದಾಗಿ ಬರೆದಿದ್ದರೂ ಹಾಗೇ. ಆ ಮಾತನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು.

ಮಿನುಗುವಿಕೆ ಬಗ್ಗೆ ಎರಡು ಮಾತು. ಇದು ನನ್ನ ಕಸುಬಿನ ವಿಷಯ, ಸ್ವಲ್ಪ ಸಹಿಸಿಕೊಳ್ಳಿ. ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು; ಒಂದು ಸುತ್ತಿಗೆ ಎರಡು ಮಿನುಗು. ಹಳೆಯ ತಾಮ್ರದ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮಗೆ ಕಾಣುವುದಿಲ್ಲ. ಹಕ್ಕಿಗೆ? 2016ರಲ್ಲಿ ಸ್ವೀಡನ್ನಿನ ಸಂಶೋಧಕರು ಕೆಲವು ಚಿಕ್ಕ ಹಕ್ಕಿಗಳನ್ನು ಪರೀಕ್ಷೆ ಮಾಡಿದರು. ಅವು 130ರಿಂದ 145 ಹರ್ಟ್ಸ್‌ವರೆಗಿನ ಮಿನುಗನ್ನು ಗುರುತಿಸಿದವು. ಬಜ್ಜಿಯ ಕಣ್ಣು ಅಷ್ಟು ಚುರುಕಲ್ಲ, 100ರ ಒಳಗೇ ನಿಲ್ಲುತ್ತದೆ. ಹಾಗಂತ ನೆಮ್ಮದಿಯಾಗಿ ಇರುವ ಹಾಗಿಲ್ಲ. ಟ್ಯೂಬ್ ಹಳತಾಗಿ ತುದಿ ಕಪ್ಪಾದ ಮೇಲೆ ಅದು 50ರ ಲೆಕ್ಕದಲ್ಲಿ ಮಿನುಗಲು ಶುರು ಮಾಡುತ್ತದೆ. ಅದು ಬಜ್ಜಿಗೂ ಕಾಣುತ್ತದೆ. ಎಲೆಕ್ಟ್ರಾನಿಕ್ ಚೋಕ್‌ಗೆ ಈ ತೊಂದರೆ ಇಲ್ಲ, ಅದು ಸಾವಿರಗಟ್ಟಲೆ ಹರ್ಟ್ಸ್‌ನಲ್ಲಿ ಓಡುತ್ತದೆ. ಅಗ್ಗದ ಎಲ್‌ಇಡಿ ಮಾತ್ರ ಹಳೆಯ ಚೋಕಿನ ತಮ್ಮನೇ. ಅಂಗಡಿಯಲ್ಲೇ ಮೊಬೈಲ್ ಕ್ಯಾಮೆರಾ ತೆರೆದು ಬಲ್ಬಿನ ಹತ್ತಿರ ಹಿಡಿಯಿರಿ. ಪರದೆಯಲ್ಲಿ ಕಪ್ಪು ಪಟ್ಟಿಗಳು ಹರಿದರೆ ಬೇರೆ ಬಲ್ಬ್ ಕೇಳಿ. ಅಂಗಡಿಯವರು ಮುಖ ನೋಡುತ್ತಾರೆ. ನೋಡಲಿ.

ಯುವಿ ದೀಪ ಬೇಕೇ ಬೇಕಾ? ಡಾಕ್ಟರ್‌ಗಳಲ್ಲೇ ಇದರ ಬಗ್ಗೆ ಒಂದೇ ಮಾತಿಲ್ಲ. ಒಳ್ಳೆಯ ಆಹಾರ, ವಾರಕ್ಕೆ ನಾಲ್ಕು ದಿನ ನೇರ ಬಿಸಿಲು ಸಿಗುವ ಬಜ್ಜಿಗೆ ಬೇಡ ಅಂತ ನನ್ನ ಅಭಿಪ್ರಾಯ. ಹತ್ತನೇ ಮಹಡಿಯ ಫ್ಲ್ಯಾಟಿನಲ್ಲಿ ಬಿಸಿಲೇ ಕಾಣದ ಆಫ್ರಿಕನ್ ಗ್ರೇ (ಬೂದು ಬಣ್ಣದ ಗಿಣಿ) ಇದ್ದರೆ ಡಾಕ್ಟರ್ ಹತ್ತಿರ ಕೇಳಿ ಹಾಕಿ. ಆ ಜಾತಿಗೆ ಕ್ಯಾಲ್ಸಿಯಂ ಕೊರತೆ ಬೇಗ ಬರುತ್ತದೆ. ಹಾಕುವುದಾದರೆ ಹಕ್ಕಿಗೆಂದೇ ಮಾಡಿದ್ದನ್ನು ಹಾಕಿ. ಹಲ್ಲಿ, ಆಮೆಗಳಿಗೆ ಮಾರುವ 10.0 ಅಂತ ಬರೆದ ದೀಪ ಮರುಭೂಮಿಯ ಪ್ರಾಣಿಗೆ. ಹಕ್ಕಿಯ ಕಣ್ಣು ಉರಿದು ಹೋಗುತ್ತದೆ. ಇನ್ನೊಂದು ಮೈ ಜುಮ್ಮೆನ್ನುವ ಸಂಗತಿ. ಕೊರೋನಾ ಸಮಯದಲ್ಲಿ ಒಂದು ಮನೆಗೆ ಫ್ಯಾನ್ ರಿಪೇರಿಗೆ ಹೋಗಿದ್ದೆ. ಗೂಡಿನ ಪಕ್ಕ ನೀಲಿ ಟ್ಯೂಬ್ ಉರಿಯುತ್ತಿತ್ತು. ಕ್ರಿಮಿ ಕೊಲ್ಲುವ ಯುವಿ-ಸಿ ಟ್ಯೂಬ್. ಯುವಿ ಅಂದರೆ ಯುವಿ ಅಂತ ಯಾರೋ ಅಂಗಡಿಯವರು ಕೊಟ್ಟಿದ್ದರಂತೆ. ಎರಡೂ ಹಕ್ಕಿಗಳ ಕಣ್ಣು ಊದಿತ್ತು. ಮನೆಯವರ ಕಣ್ಣೂ ಕೆಂಪಾಗಿತ್ತು, ಅವರು ಅದು ಮೊಬೈಲಿನಿಂದ ಅಂದುಕೊಂಡಿದ್ದರು. ನಾನು ಕೇಳದೆಯೇ ಪ್ಲಗ್ ಕಿತ್ತೆ.

ಇಡುವ ಜಾಗದಲ್ಲೇ ಹೆಚ್ಚಿನವರು ತಪ್ಪುವುದು. ದೀಪ ಮೇಲಿನಿಂದ ಬರಬೇಕು, ಸೂರ್ಯ ಬರುವ ಹಾಗೆ. ಬದಿಯಿಂದ ಇಟ್ಟರೆ ಹಕ್ಕಿಯ ಕಣ್ಣಿಗೆ ನೇರ ಹೊಡೆಯುತ್ತದೆ. ಅದಕ್ಕೆ ನಮ್ಮ ಹಾಗೆ ಕಣ್ಣು ಮುಂದೆ ಇಲ್ಲ, ತಲೆಯ ಎರಡು ಬದಿಯಲ್ಲಿ ಉಂಟು. ಗೂಡಿನ ಹೊರಗೆ, ಮೇಲಿನ ಕೋಲಿನಿಂದ ಒಂದರಿಂದ ಒಂದೂವರೆ ಅಡಿ ಎತ್ತರದಲ್ಲಿ. ಯುವಿ ದೀಪವಾದರೆ ಪೆಟ್ಟಿಗೆಯಲ್ಲಿ ಬರೆದ ಅಂತರವನ್ನೇ ಟೇಪ್ ಹಿಡಿದು ಅಳೆಯಿರಿ. ದೂರ ಎರಡು ಪಟ್ಟು ಆದರೆ ಬೆಳಕು ಅರ್ಧ ಅಲ್ಲ, ಬಲ್ಬ್ ಆದರೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಹತ್ತಿರ ತಂದರೆ ಅದೇ ಲೆಕ್ಕದಲ್ಲಿ ಏರುತ್ತದೆ. ನಡುವೆ ಗಾಜು, ಪ್ಲಾಸ್ಟಿಕ್ ಕವರ್ ಇರಬಾರದು. ಇಡೀ ಗೂಡಿನ ಮೇಲೆ ಬೇಡ, ಒಂದು ಬದಿಗೆ. ಬೇಡ ಅನಿಸಿದಾಗ ಹಕ್ಕಿ ನೆರಳಿಗೆ ಹೋಗಲಿ. ಅದಕ್ಕೆ ಆ ಆಯ್ಕೆ ಕೊಡದಿದ್ದರೆ ಎಷ್ಟು ದುಬಾರಿ ದೀಪವೂ ಹಿಂಸೆ. ಬೆಳಕು ಕಂಡರೂ ಯುವಿ ಆರು ತಿಂಗಳಿಂದ ವರ್ಷದೊಳಗೆ ಮುಗಿದಿರುತ್ತದೆ. ಹಾಕಿದ ತಾರೀಕನ್ನು ಪಟ್ಟಿಯ ಮೇಲೆ ಪೆನ್ನಿನಲ್ಲಿ ಬರೆದಿಡಿ.

ವಯರನ್ನು ಕೊಕ್ಕಿಗೆ ಸಿಗದ ಹಾಗೆ ಪೈಪಿನೊಳಗೆ ಎಳೆಯಿರಿ. ಗಿಣಿ ಜಾತಿಯವಕ್ಕೆ ವಯರ್ ಅಂದರೆ ಚಕ್ಕುಲಿ. ಗೂಡು ಕಬ್ಬಿಣದ್ದು, ಒಳಗೆ ನೀರಿನ ಬಟ್ಟಲು. 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದ ಲೈನಿನಲ್ಲಿ ಈ ದೀಪ ಹಾಕಲೇಬೇಡಿ. ಉಳ್ಳಾಲ, ಪಣಂಬೂರು ಕಡೆಯ ಉಪ್ಪು ಗಾಳಿಗೆ ಹೋಲ್ಡರ್ ಎರಡು ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ನೋಡಿ. ಬಿಸಿ ಮಾಡುವ ದೀಪಗಳು ನಮ್ಮ ಊರಿನಲ್ಲಿ ಆರೋಗ್ಯವಾಗಿರುವ ಹಕ್ಕಿಗೆ ಬೇಡ. ಅವುಗಳಲ್ಲಿ ಕೆಲವಕ್ಕೆ ನಾನ್‌ಸ್ಟಿಕ್ ಕಾವಲಿಯ ಲೇಪವೇ ಇರುತ್ತದೆ. ಅದು ಮಿತಿಮೀರಿ ಬಿಸಿಯಾದರೆ ಬರುವ ಹೊಗೆಗೆ ಹಕ್ಕಿ ನಿಮಿಷಗಳಲ್ಲಿ ಸಾಯುತ್ತದೆ. ಅಡಿಗೆಮನೆಯಲ್ಲಿ ಗೂಡು ಇಟ್ಟು ನಾನ್‌ಸ್ಟಿಕ್‌ನಲ್ಲಿ ನೀರುದೋಸೆ ಹೊಯ್ಯುವವರು ಇದನ್ನು ಕೇಳಿಸಿಕೊಳ್ಳಿ. ಅಜ್ಜಿಯ ಕಬ್ಬಿಣದ ಕಾವಲಿ ಅಟ್ಟದಿಂದ ಇಳಿಸಿ.

ಪ್ರಶ್ನೆಗಳು ಬಂದವು. ಒಬ್ಬರು ಅಕ್ಕ ಕೇಳಿದರು, "ಕರೆಂಟ್ ಹೋದರೆ ಒಮ್ಮೆಲೇ ಕತ್ತಲೆ ಆಗುತ್ತದಲ್ಲ?" ಹೌದು, ಹಕ್ಕಿ ಕೆಳಗೆ ನೀರು ಕುಡಿಯುತ್ತಿದ್ದರೆ ಅಲ್ಲೇ ಕುರುಡಾಗಿ ನಿಲ್ಲುತ್ತದೆ. ರಾತ್ರಿ ದೀಪವನ್ನು ಇನ್ವರ್ಟರ್ ಲೈನಿಗೆ ಕೊಡಿ. ದಿನಾ ಆರಿಸುವಾಗಲೂ ದೊಡ್ಡ ದೀಪ ಮೊದಲು, ಹತ್ತು ನಿಮಿಷ ಬಿಟ್ಟು ಸಣ್ಣದು. ಅಷ್ಟರಲ್ಲಿ ಅದು ಮಲಗುವ ಕೋಲಿಗೆ ಹೋಗಿರುತ್ತದೆ.

ಒಬ್ಬ ಹುಡುಗ ಮನೆಯ ಹಸಿರು ಗಿಳಿಗೆ ಯಾವ ದೀಪ ಅಂತ ಕೇಳಿದ. ನಮ್ಮ ಕಾಡು, ತೋಟದ ಗಿಳಿಗಳನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಮಗಾ, ಅದಕ್ಕೆ ದೀಪ ಹೇಳಿಕೊಡಲು ಬರುವುದಿಲ್ಲ ಅಂದೆ. ಅರಣ್ಯ ಇಲಾಖೆಯವರ ಹತ್ತಿರ ಮಾತಾಡಲು ಅವನ ಅಪ್ಪನಿಗೆ ಹೇಳಿದ್ದೇನೆ.

ಕೊನೆಗೆ ಎರಡನೇ ಸಾಲಿನ ಹಿರಿಯರು ಎದ್ದರು. ಮೊಮ್ಮಗಳ ಎರಡು ಬಜ್ಜಿ ಅವರ ಮನೆಯ ಸಿಟೌಟಿನಲ್ಲಿ ಉಂಟಂತೆ. ಪ್ರತಿ ವರ್ಷ ಗೂಡುದೀಪ ಕಟ್ಟುವುದೂ ಸರಿಯಾಗಿ ಅದರ ಮೇಲಿನ ಕೊಕ್ಕೆಗೇ. ನಾನು ಎಂತ ಹೇಳಬೇಕು ಅಂತ ಯೋಚಿಸುವ ಮೊದಲೇ ಅವರು ಕೇಳಿದರು:

"ಎಷ್ಟು ಗಂಟೆಗೆ ಆರಿಸಬೇಕು ಹೇಳಿ."

"ಏಳಕ್ಕೆ ಆರಿಸಿದರೆ ಒಳ್ಳೆಯದು" ಅಂದೆ.

"ಏಳಕ್ಕಾ? ನಾವು ಗೂಡುದೀಪ ಹಚ್ಚುವುದೇ ಏಳಕ್ಕೆ ಮಾರಾಯ್ರೆ!" ಅಂದರು. ಸ್ವಲ್ಪ ಹೊತ್ತು ನಿಂತು, "ಆಯಿತು, ಹಕ್ಕಿಗಳನ್ನು ಒಳಗೆ ದೇವರ ಕೋಣೆಯ ಪಕ್ಕ ಮಲಗಿಸುತ್ತೇನೆ. ಅಲ್ಲಿ ಟಿವಿ ಇಲ್ಲ" ಎಂದು ಕೂತರು.